ಕಾಲೇಜಿನ ಖರ್ಚಿಗೆ ಬಾಗಿಲು ಒಂದೇ ಅಲ್ಲ

ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಪ್ರಕಟವಾದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ನೆರೆಯವರು, ನೆಂಟರು ಫೋನ್ ಮಾಡಿ ಅಭಿನಂದಿಸುತ್ತಾರೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ಅದೇ ಮನೆಯಲ್ಲಿ ಬೇರೆ ಮಾತು ಶುರುವಾಗುತ್ತದೆ. "ಇನ್ನು ಮುಂದಕ್ಕೆ ಓದಿಸಲು ದುಡ್ಡೆಲ್ಲಿದೆ?" ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಹುಡುಗರು ಅಂಗಡಿಯ ಗಲ್ಲೆಯ ಹಿಂದೆ ಕೂತಿದ್ದಾರೆ. ಎಷ್ಟೋ ಹುಡುಗಿಯರ ಪುಸ್ತಕಗಳು ಅಟ್ಟ ಸೇರಿವೆ.

ಪ್ರೀತಿಯ ವಿದ್ಯಾರ್ಥಿಗಳೇ, ದುಡ್ಡಿಲ್ಲ ಎಂಬುದು ನಿಜವಿರಬಹುದು. ಆದರೆ ನಿಮ್ಮಲ್ಲಿ ಅನೇಕರ ಓದು ನಿಲ್ಲುವುದು ದುಡ್ಡಿಲ್ಲದೆ ಅಲ್ಲ, ಸಿಗಬೇಕಾದ ದುಡ್ಡನ್ನು ಸಕಾಲದಲ್ಲಿ ಕೇಳದೆ. ಫಲಿತಾಂಶ ಬಂದ ಮೇಲೆ ಹುಡುಕಾಡುವವನಿಗೆ ಕೊನೆಯ ದಿನಾಂಕ ಮುಗಿದಿರುತ್ತದೆ. ಪರೀಕ್ಷೆಗೆ ಮೊದಲೇ ಸಿದ್ಧನಾದವನಿಗೆ ದಾರಿ ತೆರೆದಿರುತ್ತದೆ. ಆ ಸಿದ್ಧತೆ ಹೇಗಿರಬೇಕು ಎಂದು ನೋಡೋಣ.

ಮೊದಲು ಪೂರ್ತಿ ಲೆಕ್ಕ

ಕಾಲೇಜಿನ ಖರ್ಚು ಎಂದರೆ ಹೆಚ್ಚಿನವರು ಶುಲ್ಕವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಬಸ್ಸು, ಮಧ್ಯಾಹ್ನದ ಊಟ, ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ, ಹಾಸ್ಟೆಲ್ ಇವೆಲ್ಲ ಆಮೇಲೆ ಒಂದೊಂದಾಗಿ ಬಂದು ಕಾಡುತ್ತವೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಂದೆ ತಾಯಿಯನ್ನು ಕೂರಿಸಿಕೊಂಡು, ಮೊದಲ ವರ್ಷದ್ದಲ್ಲ, ಕೋರ್ಸು ಮುಗಿಯುವವರೆಗಿನ ಖರ್ಚು ಬರೆಯಿರಿ. ನಂತರ ಎರಡು ಮೂರು ದಾರಿಗಳನ್ನು ಹೋಲಿಸಿ.

ಉದಾಹರಣೆಗೆ ಎಂಜಿನಿಯರ್ ಆಗಬೇಕೆಂಬ ಹುಡುಗನಿಗೆ ಪಿಯುಸಿ ಮತ್ತು ಸಿಇಟಿ ಒಂದೇ ದಾರಿಯಲ್ಲ. ಎಸೆಸೆಲ್ಸಿ ಮುಗಿಸಿ ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದರೆ ಅಷ್ಟಕ್ಕೇ ಕೆಲಸಕ್ಕೆ ಸೇರಬಹುದು. ಮುಂದೆ ಓದುವ ಆಸೆಯಿದ್ದರೆ ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಜಿಟಿಟಿಸಿ ಎಂದು ಕರೆಯಲ್ಪಡುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಆ್ಯಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಪಾಠವಾದರೆ ನಾಲ್ಕನೇ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಬೆಂಗಳೂರು, ಮಂಗಳೂರು ಮುಂತಾದ ಕಡೆ ಇದರ ಕೇಂದ್ರಗಳಿವೆ. ಹೆಸರು ದೊಡ್ಡದಿರುವ ಖಾಸಗಿ ಕಾಲೇಜಿನ ಸೀಟಿಗಿಂತ ಇಂಥ ದಾರಿ ಬಡ ಮನೆಗೆ ಎಷ್ಟೋ ಹಗುರ.

ಹುಡುಗಿಯರಿಗೆ ಇನ್ನೊಂದು ಮಾತು. 2023ರ ಜೂನ್‌ನಿಂದ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ಕರಾವಳಿಯಂಥ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು. ಆದ್ದರಿಂದ ಕಾಲೇಜು ಆರಿಸುವ ಮೊದಲು ನಿಮ್ಮ ದಾರಿಯಲ್ಲಿ ಸರಕಾರಿ ಬಸ್ಸು ಓಡುತ್ತದೆಯೇ ಎಂದು ವಿಚಾರಿಸಿ. ಮೂರು ವರ್ಷದ ಬಸ್ ಚಾರ್ಜು ಸಣ್ಣ ಮೊತ್ತವಲ್ಲ.

ಹೆಸರಿನ ಒಂದು ಅಕ್ಷರ

ವಿದ್ಯಾರ್ಥಿವೇತನ ತಪ್ಪುವುದಕ್ಕೆ ನಮ್ಮ ಮಕ್ಕಳಲ್ಲಿ ಕಾಣುವ ಒಂದು ದೊಡ್ಡ ಕಾರಣ ಹೆಸರು. ಅಂಕಪಟ್ಟಿಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಬ್ಯಾಂಕಿನಲ್ಲಿ ಬರೀ ಎಂ.ಡಿ. ಹುಡುಗಿಯ ಹೆಸರಿನ ಮುಂದೆ ಒಂದು ಕಡೆ ಬೀಬಿ, ಇನ್ನೊಂದು ಕಡೆ ಫಾತಿಮಾ, ಮತ್ತೊಂದು ಕಡೆ ಏನೂ ಇಲ್ಲ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು! ಹಣ ಮಂಜೂರಾಗಿಯೂ ಖಾತೆಗೆ ಬಾರದೆ ನಿಲ್ಲುತ್ತದೆ.

ಆದ್ದರಿಂದ ಒಂಬತ್ತನೇ ತರಗತಿಯಲ್ಲೇ ಈ ಕೆಲಸ ಮಾಡಿ. ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಎಸೆಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವುದಕ್ಕಿಂತ ಶಾಲೆಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರ ಮೂಲಕ ಸರಿಪಡಿಸುವುದು ಸುಲಭ. ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು ಭದ್ರವಾಗಿಡಿ. ಪ್ರವರ್ಗ 2ಬಿ ಅಡಿಯ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ರದ್ದು ಮಾಡಿದರೂ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಗೆ ಬರಲಿಲ್ಲ. ಸೀಟು ಕೇಳುವಾಗ ಆ ಪ್ರಮಾಣಪತ್ರ ಕೈಯಲ್ಲಿರಬೇಕು.

ತಟ್ಟದ ಬಾಗಿಲುಗಳು

ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಬಂದರೆ ಓದು, ಬಾರದಿದ್ದರೆ ಇಲ್ಲ ಎಂದು ಕಾಯುತ್ತಾ ಕೂರುವವರು ಬಹಳ. ಕೇಂದ್ರ ಸರಕಾರ 2022ರಲ್ಲಿ ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನಿಂತುಹೋಯಿತು. ಇದರ ಬಗ್ಗೆ ಬೇಸರ ಪಡುವುದು ಸಹಜ. ಆದರೆ ನೀವು ಅಲ್ಪಸಂಖ್ಯಾತರು ಮಾತ್ರವೇ? ನೀವು ಬೀಡಿ ಕಟ್ಟುವ ತಾಯಿಯ ಮಗಳು. ತೋಟದ ಕೆಲಸ ಮಾಡುವವನ ಮಗ. ಗಾರೆ ಕೆಲಸದವನ ಮಗ. ಸರಕಾರಿ ಶಾಲೆಯಲ್ಲಿ ಓದಿದವಳು. ಒಳ್ಳೆಯ ಅಂಕ ಗಳಿಸಿದವಳು. ಈ ಒಂದೊಂದು ಹೆಸರಿಗೂ ಒಂದೊಂದು ಬಾಗಿಲಿದೆ.

ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆ ವರ್ಷಕ್ಕೆ 1,000 ರೂ.ನಿಂದ 25,000 ರೂ.ವರೆಗೆ ನೆರವು ಕೊಡುತ್ತದೆ. ಹೆಚ್ಚಿನ ಮೊತ್ತ ವೃತ್ತಿಪರ ಕೋರ್ಸುಗಳಿಗೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಇದಕ್ಕೆ ಬೇಕಾದದ್ದು ತಾಯಿಯ ಬೀಡಿ ಕಾರ್ಮಿಕರ ಗುರುತಿನ ಚೀಟಿ. ಇಪ್ಪತ್ತು ವರ್ಷ ಬೀಡಿ ಕಟ್ಟಿದ ತಾಯಿಯ ಬಳಿ ಆ ಚೀಟಿಯೇ ಇಲ್ಲದಿದ್ದರೆ ಅವಳ ಬೆವರಿಗೆ ಸಾಕ್ಷಿ ಹೇಳುವವರು ಯಾರು? ಇಂದೇ ವಿಚಾರಿಸಿ.

ರೈತರ ಮಕ್ಕಳಿಗೆ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಇದೆ. ಮನೆಯಲ್ಲಿ ಹತ್ತಿಪ್ಪತ್ತು ಸೆಂಟ್ಸ್ ಅಡಿಕೆ ತೋಟವಿದ್ದರೂ ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡಿ. ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಅವರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಉಂಟು. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರಕಾರಿ ಸಂಸ್ಥೆಯಲ್ಲಿ ಮುಗಿಸಿದ ಹುಡುಗಿಯರಿಗೆ ಅಝೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂ. ಕೊಡುತ್ತದೆ. ತಾಂತ್ರಿಕ ಡಿಪ್ಲೊಮಾ ಅಥವಾ ಪದವಿ ಸೇರುವ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000 ರೂ. ಇದೆ. ಕುಟುಂಬದ ಆದಾಯ 8 ಲಕ್ಷ ರೂ. ಮೀರಬಾರದು. ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಶೇ. 5ರಷ್ಟು ಸೀಟುಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಇದನ್ನು ಸೂಪರ್‌ನ್ಯೂಮರರಿ ಕೋಟಾ ಎನ್ನುತ್ತಾರೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕಿದರೆ ಊಟ, ವಸತಿಯ ಚಿಂತೆಯೂ ತಪ್ಪುತ್ತದೆ.

ಇವೆಲ್ಲ ಎಲ್ಲರಿಗೂ ಸಿಗುವುದಿಲ್ಲ. ಒಂದಕ್ಕಿಂತ ಹೆಚ್ಚು ಪಡೆಯಲು ಕೆಲವು ಯೋಜನೆಗಳು ಬಿಡುವುದಿಲ್ಲ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಆದ್ದರಿಂದ ಪ್ರತಿ ಜೂನ್‌ನಿಂದ ಕಾಲೇಜಿನ ಸೂಚನಾ ಫಲಕ ನೋಡುತ್ತಿರಿ, ಕಚೇರಿಗೆ ಹೋಗಿ ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ. ಇದು ಭಿಕ್ಷೆಯಲ್ಲ, ನಿಮ್ಮ ಹಕ್ಕು.

ಸಾಲ ಕೊನೆಯ ಮೆಟ್ಟಿಲು

ಇಷ್ಟಾದರೂ ಸಾಲದಿದ್ದರೆ ಸಾಲದ ಮಾತು ಬರುತ್ತದೆ. ಬಡ್ಡಿಯ ಬಗ್ಗೆ ನಮ್ಮ ಮನೆಗಳಲ್ಲಿರುವ ಅಳುಕು ನ್ಯಾಯವಾದದ್ದೇ. ಅದಕ್ಕೆಂದೇ ಮೊದಲು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯನ್ನು ನೋಡಿ. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸು ಸೇರುವವರಿಗೆ ಇದು ಬ್ಯಾಂಕಿನ ಬಡ್ಡಿಯಿಲ್ಲದೆ, ಅಲ್ಪ ಸೇವಾಶುಲ್ಕಕ್ಕೆ ಸಾಲ ಕೊಡುತ್ತದೆ. ಕುಟುಂಬದ ಹಿರಿಯರು, ಜಮಾಅತ್, ಊರಿನ ಟ್ರಸ್ಟ್‌ಗಳ ಬಳಿ ಕೈಸಾಲ ಕೇಳುವುದಿದ್ದರೆ ಖರ್ಚಿನ ಲೆಕ್ಕ ಬರೆದ ಆ ನೋಟ್‌ಬುಕ್ ಹಿಡಿದೇ ಹೋಗಿ. "ಏನಾದರೂ ಸಹಾಯ ಮಾಡಿ" ಎನ್ನುವವನಿಗಿಂತ "ಎರಡನೇ ವರ್ಷಕ್ಕೆ ಇಷ್ಟು ಕಡಿಮೆ ಬೀಳುತ್ತದೆ" ಎನ್ನುವವನಿಗೆ ಕೊಡುವವರು ಹೆಚ್ಚು.

ಬ್ಯಾಂಕ್ ಸಾಲ ಪಡೆಯುವವರು ಅದರ ಭಾರ ತಿಳಿದು ಪಡೆಯಲಿ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ ಒಂದು ಲಕ್ಷದಂತೆ 4 ಲಕ್ಷ ರೂ. ಸಾಲ, ಶೇ. 10 ಬಡ್ಡಿ ಎಂದು ಇಟ್ಟುಕೊಳ್ಳಿ. ಓದಿನ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲೇ ಆ ಹೊತ್ತಿಗೆ 1.4 ಲಕ್ಷ ಸೇರಿ ಸಾಲ 5.4 ಲಕ್ಷವಾಗುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ರೂ. ಕಟ್ಟಬೇಕು. ಒಟ್ಟು ಕಟ್ಟುವುದು ಎಂಟೂವರೆ ಲಕ್ಷ! ಆ ಕೋರ್ಸು ಮುಗಿಸಿದವರಿಗೆ ಸಿಗುವ ಮೊದಲ ಸಂಬಳ ಇದನ್ನು ತಾಳುತ್ತದೆಯೇ? ನಿಮಗಿಂತ ಮೂರು ವರ್ಷ ಮುಂದಿರುವ ಹಳೆ ವಿದ್ಯಾರ್ಥಿಯನ್ನು ಕೇಳಿ. ಕಾಲೇಜಿನ ಜಾಹೀರಾತನ್ನು ಕೇಳಬೇಡಿ.

ಹೆತ್ತವರಲ್ಲೂ ಒಂದು ವಿನಂತಿ. ಮದುವೆಯ ಊಟಕ್ಕೆ, ಹಾಲ್‌ಗೆ ಚಿನ್ನ ಅಡವಿಟ್ಟು ಬಡ್ಡಿ ಕಟ್ಟುವಾಗ ಬಾರದ ಅಳುಕು ಮಗಳ ಡಿಪ್ಲೊಮಾದ ಮಾತು ಬಂದಾಗ ಮಾತ್ರ ಬರುವುದು ಸರಿಯೇ? ಮದುವೆಯ ಆಡಂಬರ ಒಂದಿಷ್ಟು ಕಡಿಮೆ ಮಾಡಿದರೆ ಆ ಮಗುವಿನ ಓದಿಗೆ ಸಾಲವೇ ಬೇಕಾಗದಿರಬಹುದು.

ಓದುತ್ತಲೇ ದುಡಿಮೆ

ಓದುವವನು ದುಡಿಯಬಾರದು ಎಂದೇನೂ ಇಲ್ಲ. ಈ ಲೇಖಕ ಮದ್ರಸದ ಕಲಿಕೆ ಮುಗಿಸಿ, ಮಕ್ಕಳಿಗೆ ಪಾಠ ಹೇಳುತ್ತಲೇ ಬಿ.ಎ. ಪರೀಕ್ಷೆ ಕಟ್ಟಿದವನು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯಗಳು ದುಡಿಯುವವರಿಗೆಂದೇ ಇವೆ. ಕಾಲೇಜಿಗೆ ಹೋಗುವವರು ಸಂಜೆ ಎರಡು ಗಂಟೆ ಟ್ಯೂಷನ್, ಅಂಗಡಿಯ ಟ್ಯಾಲಿ ಲೆಕ್ಕ, ಕನ್ನಡ ಟೈಪಿಂಗ್, ಹೊಲಿಗೆ ಇಂಥವನ್ನು ಮಾಡಬಹುದು. ಆದರೆ ಕೆಲಸ ತರಗತಿಯನ್ನು ನುಂಗಬಾರದು. ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದಿದ್ದರೆ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಹದಿನೆಂಟು ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಕಾನೂನಿನಲ್ಲೂ ಅಪರಾಧ.

ಐಟಿಐ, ಡಿಪ್ಲೊಮಾ ಮುಗಿಸಿದವರು ಅಪ್ರೆಂಟಿಸ್ ತರಬೇತಿಯನ್ನು ಕಡೆಗಣಿಸಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಕೊಡಲೇಬೇಕು. ಬೆಂಗಳೂರಿನ ಎಚ್‌ಎಎಲ್, ಮಂಗಳೂರಿನ ಎಂಆರ್‌ಪಿಎಲ್, ಹುಬ್ಬಳ್ಳಿಯ ನೈಋತ್ಯ ರೈಲ್ವೆ ಇಂಥ ದೊಡ್ಡ ಸಂಸ್ಥೆಗಳು ಅರ್ಜಿ ಕರೆಯುತ್ತವೆ. "ಅನುಭವ ಇದೆಯೇ?" ಎಂಬ ಪ್ರಶ್ನೆಗೆ ಮೊದಲ ಉತ್ತರ ಸಿಗುವುದು ಇಲ್ಲೇ. ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂ. ಸಿಗುತ್ತದೆ. ಅದು ಎರಡು ವರ್ಷದವರೆಗೆ ಮಾತ್ರ. ಆ ಹಣವನ್ನು ಕೆಲಸ ಹುಡುಕುವ ಬಸ್ ಚಾರ್ಜಿಗೆ, ಹೊಸದೊಂದು ಕಲಿಕೆಗೆ ಬಳಸಿ.

ಎಚ್ಚರವಿರಲಿ

ಕೆಲಸ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ ಎನ್ನುವವರನ್ನು ನಂಬಬೇಡಿ. ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಬಿಟ್ಟು ಬರಬೇಡಿ. "ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಗೆಳೆಯನೇ ಹೇಳಿದರೂ ಕೊಡಬೇಡಿ. ಮೋಸದ ಹಣ ಅದರಲ್ಲಿ ಹರಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಗಲ್ಫ್‌ಗೆ ಕಳುಹಿಸುವ ಏಜೆಂಟ್ ಕೇಂದ್ರ ಸರಕಾರದ ಇ-ಮೈಗ್ರೇಟ್‌ನಲ್ಲಿ ನೋಂದಾಯಿತನೇ ಎಂದು ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕ 30,000 ರೂ. ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ವಿದೇಶಕ್ಕೇ ಹೋಗುವುದಾದರೂ ಕೈಯಲ್ಲೊಂದು ಡಿಪ್ಲೊಮಾ ಹಿಡಿದು ಹೋದವನಿಗೂ ಬರಿಗೈಯಲ್ಲಿ ಹೋದವನಿಗೂ ಸಿಗುವ ಕೆಲಸ ಒಂದೇ ಅಲ್ಲ.

ಪ್ರೀತಿಯ ಮಕ್ಕಳೇ, ಈ ವಾರವೇ ಮೂರು ಕೆಲಸ ಮಾಡಿ. ಹೆಸರುಗಳನ್ನು ಹೋಲಿಸಿ. ಮನೆಯವರ ದುಡಿಮೆಗೆ ಸಂಬಂಧಿಸಿದ ಕಾಗದಗಳೆಲ್ಲವನ್ನೂ ಒಂದೇ ಫೈಲಿನಲ್ಲಿ ಸೇರಿಸಿ. ಖರ್ಚಿನ ಪಟ್ಟಿ ಬರೆಯಿರಿ. ಇವಕ್ಕೆ ಹಣ ಬೇಡ, ಒಂದು ಸಂಜೆ ಸಾಕು. ನಿಮ್ಮ ತಮ್ಮ ತಂಗಿಯರ ಫೈಲನ್ನೂ ಅಂದೇ ತೆರೆದಿಟ್ಟರೆ ಇನ್ನೂ ಒಳ್ಳೆಯದು.