ವೈರಾಣು ಬರುವ ಮೊದಲೇ ಸೊರಗಿದ ಶ್ವಾಸಕೋಶ

ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ 2002ರ ನವೆಂಬರ್‌ನಲ್ಲಿ ಸಾರ್ಸ್ ಕಾಣಿಸಿಕೊಂಡಾಗ ವೈದ್ಯರಿಗೆ ರೋಗದ ಹೆಸರೂ ಗೊತ್ತಿರಲಿಲ್ಲ, ಮದ್ದೂ ಗೊತ್ತಿರಲಿಲ್ಲ. ಆದರೂ ಸೋಂಕು ತಗುಲಿದ ಸುಮಾರು 1,500 ಜನರಲ್ಲಿ ತೀರಿಕೊಂಡವರು 58 ಮಂದಿ. ಕೆಲವು ತಿಂಗಳ ನಂತರ ಅದೇ ರೋಗ ಬೀಜಿಂಗ್‌ಗೆ ಕಾಲಿಟ್ಟಿತು. ದೊಡ್ಡ ಆಸ್ಪತ್ರೆಗಳಿರುವ ಆ ರಾಜಧಾನಿಯಲ್ಲಿ 2,500ಕ್ಕೂ ಹೆಚ್ಚು ರೋಗಿಗಳ ಪೈಕಿ 193 ಮಂದಿ ಬದುಕಲಿಲ್ಲ. ಸಾವಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ!

ಈ ವ್ಯತ್ಯಾಸದಲ್ಲಿ ಉಸಿರಾಡುವ ಗಾಳಿಯ ಪಾಲೆಷ್ಟು? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು 2003ರಲ್ಲೇ ಈ ಪ್ರಶ್ನೆ ಎತ್ತಿಕೊಂಡರು. ನೂರಕ್ಕಿಂತ ಹೆಚ್ಚು ರೋಗಿಗಳಿದ್ದ ಚೀನಾದ ಐದು ಪ್ರದೇಶಗಳ ವಾಯುಮಾಲಿನ್ಯ ಸೂಚ್ಯಂಕವನ್ನು ಸಾವಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರು. ಮಾಲಿನ್ಯ ಕಡಿಮೆಯಿದ್ದ ಕಡೆ ನೂರು ರೋಗಿಗಳಿಗೆ ಸುಮಾರು ನಾಲ್ವರು, ಹೆಚ್ಚಿದ್ದ ಕಡೆ ಸುಮಾರು ಒಂಬತ್ತು ಮಂದಿ ಸತ್ತಿದ್ದರು. ಇದು ಪ್ರದೇಶಗಳ ನಡುವಿನ ಹೋಲಿಕೆ ಮಾತ್ರ. ಒಬ್ಬೊಬ್ಬ ರೋಗಿಯ ವಯಸ್ಸು, ಧೂಮಪಾನ, ಸಿಕ್ಕ ಚಿಕಿತ್ಸೆ ಇದರಲ್ಲಿ ಲೆಕ್ಕಕ್ಕೆ ಬಂದಿಲ್ಲ. ಇದೊಂದನ್ನೇ ನೆಚ್ಚಿ ತೀರ್ಪು ಕೊಡುವಂತಿಲ್ಲ, ನಿಜ.

ಆದರೆ ಸಾಕ್ಷ್ಯ ಇದೊಂದೇ ಅಲ್ಲ. 1918ರ ಇನ್‌ಫ್ಲುಯೆಂಜಾ ಮಹಾಜ್ವರವನ್ನೇ ನೋಡಿ. ಕಲ್ಲಿದ್ದಲು ಸುಟ್ಟು ಹೆಚ್ಚು ವಿದ್ಯುತ್ ತಯಾರಿಸುತ್ತಿದ್ದ ಅಮೆರಿಕದ ನಗರಗಳಲ್ಲಿ ಆ ವರ್ಷ ಸಾವು ಉಳಿದ ನಗರಗಳಿಗಿಂತ ಎದ್ದು ಕಾಣುವಷ್ಟು ಏರಿತ್ತು ಎಂಬುದನ್ನು ಸಂಶೋಧಕಿ ಕರೆನ್ ಕ್ಲೇ ಮತ್ತು ಸಂಗಡಿಗರು ನೂರು ವರ್ಷದ ಬಳಿಕ ಹಳೆಯ ದಾಖಲೆಗಳಿಂದ ಹೆಕ್ಕಿ ತೋರಿಸಿದರು. ಕೋವಿಡ್ ಕಾಲದಲ್ಲಿ ಹಾರ್ವರ್ಡ್ ಸಂಶೋಧಕರು ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳನ್ನು ಪರಿಶೀಲಿಸಿದರು. ವರ್ಷಗಟ್ಟಲೆ ಉಸಿರಾಡಿದ ಗಾಳಿಯಲ್ಲಿ ಪಿಎಂ 2.5 ಎಂಬ ಅತಿಸೂಕ್ಷ್ಮ ಕಣಗಳು ಘನ ಮೀಟರಿಗೆ ಒಂದೇ ಒಂದು ಮೈಕ್ರೋಗ್ರಾಂ ಹೆಚ್ಚಿದ್ದ ಕಡೆ ಕೋವಿಡ್ ಸಾವಿನ ದರ ಶೇ 11ರಷ್ಟು ಹೆಚ್ಚಿತ್ತು.

ಬೇರೆ ಬೇರೆ ಕಾಲ, ಬೇರೆ ಬೇರೆ ವೈರಾಣು. ಸಾಕ್ಷ್ಯ ಮಾತ್ರ ಒಂದೇ ಕಡೆಗೆ ಬೊಟ್ಟು ಮಾಡುತ್ತದೆ.

ಹೀಗಾಗುವುದಕ್ಕೆ ಕಾರಣ ದೇಹದೊಳಗೇ ಇದೆ. ಶ್ವಾಸನಾಳದ ಒಳಗೋಡೆಯ ಮೇಲಿರುವ ಸೂಕ್ಷ್ಮ ರೋಮಗಳು ಸದಾ ಅಲುಗಾಡುತ್ತ, ಲೋಳೆಯಲ್ಲಿ ಸಿಕ್ಕಿಬಿದ್ದ ಧೂಳನ್ನೂ ರೋಗಾಣುಗಳನ್ನೂ ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ದಿನವೂ ಹೊಗೆ ಕುಡಿದ ರೋಮಗಳು ಸೋಲುತ್ತವೆ. ಇನ್ನೂ ಆಳಕ್ಕಿಳಿದ ಕಣಗಳು ಗಾಳಿಚೀಲಗಳನ್ನು ಸೇರುತ್ತವೆ. ರೋಗಾಣುಗಳನ್ನು ನುಂಗಬೇಕಾದ ಅಲ್ಲಿನ ರಕ್ಷಕ ಕೋಶಗಳು ಮಸಿಯನ್ನು ನುಂಗಿ ಬಳಲುತ್ತವೆ. ಉರಿಯೂತ ಮಾಸುವುದೇ ಇಲ್ಲ. ವೈರಾಣು ಬಂದಾಗ ಅದಕ್ಕೆ ಸಿಗುವುದು ಇಂಥ ಶ್ವಾಸಕೋಶ. ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನೂ ಇದೇ ಗಾಳಿ ಹೆಚ್ಚಿಸುತ್ತದೆ. ಆ ಕಾಯಿಲೆಯಿದ್ದವರನ್ನು ಕೋವಿಡ್ ಹೇಗೆ ಕಾಡಿತೆಂಬುದನ್ನು ಕಂಡಿದ್ದೇವೆ.

ನಮ್ಮಲ್ಲಿ ಗಾಳಿ ಶುದ್ಧಗೊಳಿಸುವ ಯತ್ನ ಇಲ್ಲವೆಂದಲ್ಲ. ಭಾರತದಲ್ಲಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳೂ ಇವೆ. ಆದರೆ ನಗರಗಳ ಪ್ರಗತಿಯನ್ನು ಅಳೆಯುತ್ತಿರುವುದು ಮುಖ್ಯವಾಗಿ ದಪ್ಪ ಧೂಳಾದ ಪಿಎಂ 10ರಿಂದ. ಶ್ವಾಸಕೋಶದ ಆಳ ತಲುಪುವ ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ. ಭಾರತದ ಮಿತಿ ಇಂದಿಗೂ 40. ಮುಂದಿನ ಸಾಂಕ್ರಾಮಿಕಕ್ಕೆ ಹಾಸಿಗೆ, ಆಮ್ಲಜನಕ, ಲಸಿಕೆಗಳ ಲೆಕ್ಕ ಹಾಕುವ ಸರ್ಕಾರಗಳು ಪಿಎಂ 2.5ರ ಅಂಕಿಯನ್ನೂ ಅದೇ ಕಡತಕ್ಕೆ ಸೇರಿಸಬೇಕು.