ಪುಟಾಣಿ ಸುಂದರಿಯರ ಸ್ಪರ್ಧೆ: ನಂಬಿದ್ದೆಷ್ಟು, ನಿಜವೆಷ್ಟು?

ಆರು ವರ್ಷದ ಮಗುವಿನ ಮುಂದಿನ ಹಾಲುಹಲ್ಲು ಬಿದ್ದರೆ ನಮಗೆ ಅದು ಮುದ್ದು. ಅಮೆರಿಕದ ‘ಗ್ಲಿಟ್ಜ್’ ಮಾದರಿಯ ಮಕ್ಕಳ ಸೌಂದರ್ಯ ಸ್ಪರ್ಧೆಯಲ್ಲಿ ಅದು ಊನ. ಆ ಸಂದಿ ಮುಚ್ಚುವುದಕ್ಕೆಂದೇ ‘ಫ್ಲಿಪ್ಪರ್’ ಎಂಬ ಕೃತಕ ಹಲ್ಲಿನ ಕಟ್ಟು ಸಿಗುತ್ತದೆ. ಬಾಯಿಯ ಅಚ್ಚು ತೆಗೆಸಿ ಮಾಡಿಸಿಟ್ಟುಕೊಂಡು, ವೇದಿಕೆ ಹತ್ತುವ ಮುನ್ನ ಮಗುವಿಗೆ ಸಿಕ್ಕಿಸುತ್ತಾರೆ. ಜೊತೆಗೆ ಮೈಗೆ ಕಂದುಬಣ್ಣದ ಸ್ಪ್ರೇ, ಅಂಟಿಸಿದ ರೆಪ್ಪೆಗೂದಲು, ಚೌರಿ. ಈ ಲೋಕವನ್ನು ಮನೆಮನೆಗೆ ತಂದದ್ದು 2009ರಲ್ಲಿ ಶುರುವಾದ ‘ಟಾಡ್ಲರ್ಸ್ ಅಂಡ್ ಟಿಯಾರಾಸ್’ ಎಂಬ ಟಿ.ವಿ. ಸರಣಿ. ಅದರ ತುಣುಕುಗಳು ಇವತ್ತು ನಮ್ಮ ಮೊಬೈಲಿಗೂ ಬರುತ್ತವೆ, ಜೊತೆಗೆ ಒಂದಿಷ್ಟು ತಪ್ಪು ತಿಳಿವಳಿಕೆಯೂ ಬರುತ್ತದೆ.

“ಮಗುವಿಗೇ ಇಷ್ಟ, ನಾವೇನೂ ಒತ್ತಾಯ ಮಾಡಿಲ್ಲ”

ಹೆತ್ತವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ನಾಲ್ಕು ವರ್ಷದ ಮಗುವಿಗೆ ಅಮ್ಮನ ಮುಖ ಅರಳುವುದೇ ದೊಡ್ಡ ಬಹುಮಾನ. ಅಮ್ಮ ಯಾವುದಕ್ಕೆ ಹಿಗ್ಗುತ್ತಾಳೋ ಅದೇ ತನಗೂ ಇಷ್ಟ ಎನ್ನುತ್ತದೆ. ಆ ಸರಣಿಯಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯವನ್ನೇ ನೋಡಿ: ತೀರ್ಪುಗಾರರ ಬೆನ್ನ ಹಿಂದೆ ನಿಂತ ತಾಯಿ ಸೊಂಟ ತಿರುಗಿಸಿ, ಗಾಳಿಯಲ್ಲಿ ಮುತ್ತು ತೂರಿ ತೋರಿಸುತ್ತಾಳೆ, ವೇದಿಕೆಯ ಮೇಲಿನ ಮಗು ಆಕೆಯಿಂದ ಕಣ್ಣು ಕೀಳದೆ ಅದನ್ನೇ ಮಾಡುತ್ತದೆ. ಮಧ್ಯಾಹ್ನ ನಿದ್ದೆಗೆ ಜಾರುವ ಹೊತ್ತಿಗೆ ಸರದಿ ಬಂದರೆ ಬಾಯಿಗೆ ಬಣ್ಣದ ಸಕ್ಕರೆ ಪುಡಿ. 2012ರ ಜನವರಿಯ ಒಂದು ಕಂತಿನಲ್ಲಿ ಜಾರ್ಜಿಯಾದ ಆರು ವರ್ಷದ ಹುಡುಗಿಗೆ ಮೌಂಟನ್ ಡ್ಯೂ ಜೊತೆ ರೆಡ್ ಬುಲ್ ಬೆರೆಸಿ ಕುಡಿಸಿದ್ದನ್ನು ‘ಗೋ ಗೋ ಜ್ಯೂಸ್’ ಎಂದು ನಗುನಗುತ್ತಾ ತೋರಿಸಿದರು. ಅದೇ ವರ್ಷ ಆ ಹುಡುಗಿಯ ಕುಟುಂಬಕ್ಕೆ ಸ್ವಂತದ್ದೇ ಒಂದು ಟಿ.ವಿ. ಸರಣಿಯೂ ಸಿಕ್ಕಿತು!

ಹಾಗಾಗಿ “ಇಷ್ಟಾನಾ ಪುಟ್ಟಾ?” ಎಂದು ಕೇಳಿ ಪ್ರಯೋಜನವಿಲ್ಲ. ಮಗು “ಸಾಕು” ಅಂದಾಗ ದೊಡ್ಡವರು ಏನು ಮಾಡುತ್ತಾರೆ ಎಂಬುದರಲ್ಲಿ ಉತ್ತರವಿದೆ. ಶುಲ್ಕ ಕಟ್ಟಿಯಾಗಿದೆ, ಬಟ್ಟೆ ಹೊಲಿಸಿಯಾಗಿದೆ, ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದಾಗಿದೆ. ಅಲ್ಲಿಂದ ಬರಿಗೈಲಿ ಎದ್ದು ಹೊರಡುವ ಧೈರ್ಯ ಎಷ್ಟು ಜನಕ್ಕಿದೆ?

“ಆ ತಾಯಂದಿರಿಗೆ ತಲೆ ಕೆಟ್ಟಿದೆ”

ಬೈದು ಕೈತೊಳೆದುಕೊಳ್ಳುವುದು ಸುಲಭ. ಸಮಾಜಶಾಸ್ತ್ರಜ್ಞೆ ಹಿಲರಿ ಲೆವಿ ಫ್ರೀಡ್‌ಮನ್ ಇಂಥ 41 ತಾಯಂದಿರನ್ನು ಮಾತಾಡಿಸಿದರು. (ಅವರ ತಾಯಿಯೇ 1970ರ ಮಿಸ್ ಅಮೆರಿಕ, ಒಳಹೊರಗು ಬಲ್ಲವರು.) ಮಗಳು ಸಭಾಕಂಪವಿಲ್ಲದೆ ಮಾತಾಡಬೇಕು, ಸೋಲನ್ನು ತಡೆದುಕೊಳ್ಳಬೇಕು, ನಾಲ್ಕು ಜನರೆದುರು ಎದ್ದು ಕಾಣಬೇಕು ಎಂಬಂಥ ಮಾತುಗಳೇ ಅಲ್ಲಿ ಕೇಳಿಬಂದದ್ದು. 2009ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಸೌಂದರ್ಯ ಸ್ಪರ್ಧೆಯ ಮಕ್ಕಳನ್ನೂ ಶಾಲೆ ಬಿಟ್ಟ ಮೇಲೆ ಕುಮೋನ್ ಲೆಕ್ಕದ ತರಗತಿಗೆ ಹೋಗುವ ಮಕ್ಕಳನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಅಬ್ಯಾಕಸ್‌ಗೂ ರಿಯಾಲಿಟಿ ಶೋ ಆಡಿಷನ್‌ಗೂ ಮಗುವನ್ನು ಹೊತ್ತು ತಿರುಗುವ ನಮಗೆ ಈ ಜೋಡಿ ಅರ್ಥವಾಗದ್ದೇನಲ್ಲ. ಮಗುವಿನ ಗೆಲುವಿನಲ್ಲಿ ತನ್ನ ಗೆಲುವು ಕಾಣುವುದು ಎಲ್ಲ ತಂದೆತಾಯಿಗೂ ಇದ್ದದ್ದೇ. ಆ ಗೆಲುವಿಗಾಗಿ ಮಗುವಿನ ನಿದ್ದೆ, ಊಟ, ಆಟಕ್ಕೆ ಕತ್ತರಿ ಬಿದ್ದಾಗ ಅದು ಒತ್ತಡ.

“ಗೆದ್ದರೆ ಹಾಕಿದ ದುಡ್ಡು ಬರುತ್ತದೆ”

ಈ ವ್ಯವಹಾರ ನಿಂತಿರುವುದೇ ಸೋತವರನ್ನೂ ಮತ್ತೆ ಬರುವಂತೆ ಮಾಡುವುದರ ಮೇಲೆ. ಪ್ರವೇಶ ಶುಲ್ಕ ಒಂದಾದರೆ ಒಳ್ಳೆಯ ಫೋಟೊ, ಒಳ್ಳೆಯ ಉಡುಪು ಎಂಬ ಉಪಸ್ಪರ್ಧೆಗಳಿಗೆ ಬೇರೆ ಹಣ. ಗ್ಲಿಟ್ಜ್ ಗೌನೊಂದೇ ಸಾವಿರ ಡಾಲರ್ ದಾಟಬಹುದು. ಬಿರುದುಗಳಿಗೂ ಬರವಿಲ್ಲ: ವಯಸ್ಸಿನ ಗುಂಪಿಗೊಬ್ಬಳು ‘ಕ್ವೀನ್’, ಮೇಲೆ ‘ಗ್ರ್ಯಾಂಡ್ ಸುಪ್ರೀಮ್’, ಅದಕ್ಕೂ ಮೇಲೆ ‘ಅಲ್ಟಿಮೇಟ್ ಗ್ರ್ಯಾಂಡ್ ಸುಪ್ರೀಮ್’. ಹೆಚ್ಚಿನ ಮಕ್ಕಳು ಏನಾದರೊಂದು ಹಿಡಿದುಕೊಂಡೇ ಮನೆಗೆ ಹೋಗುತ್ತಾರೆ. ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

“ಇಂಥ ಮಕ್ಕಳ ಬದುಕೇ ಹಾಳು”

ಇದು ವಿರೋಧಿಗಳ ಉತ್ಪ್ರೇಕ್ಷೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಾಲ್ಯದಲ್ಲಿ ಸ್ಪರ್ಧಿಸಿದ್ದ 11 ಮಹಿಳೆಯರನ್ನು, ಸ್ಪರ್ಧಿಸದ 11 ಮಂದಿಯ ಜೊತೆ ಹೋಲಿಸಿತು. ಮೊದಲ ಗುಂಪಿನಲ್ಲಿ ತಮ್ಮ ದೇಹದ ಬಗ್ಗೆ ಅತೃಪ್ತಿ, ಇತರರ ಬಗ್ಗೆ ಅಪನಂಬಿಕೆ ಹೆಚ್ಚಿತ್ತು. ಖಿನ್ನತೆ, ಆತ್ಮಗೌರವದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತೆರಡು ಜನರನ್ನು ನೋಡಿ ಶಾಸನ ಬರೆಯಲಾಗದು, ಆದರೆ ತಳ್ಳಿಹಾಕುವಂಥದ್ದೂ ಅಲ್ಲ.

ಇನ್ನು 1996ರ ಡಿಸೆಂಬರಿನಲ್ಲಿ ಕೊಲೊರಾಡೊದ ಬೌಲ್ಡರ್‌ನಲ್ಲಿ ಕೊಲೆಯಾದ ಆರು ವರ್ಷದ ಜಾನ್‌ಬೆನೆ ರ‍್ಯಾಮ್ಸೆಯ ಉದಾಹರಣೆ. ಆಕೆ ಸೌಂದರ್ಯ ಸ್ಪರ್ಧೆಗಳಲ್ಲಿ ಗೆದ್ದಿದ್ದಳು ಎಂಬುದು ನಿಜ. ಕೊಲೆಗೆ ಅದೇ ಕಾರಣ ಎಂಬುದು ಸಾಬೀತಾಗಿಲ್ಲ. ಆ ಪ್ರಕರಣದಲ್ಲಿ ಯಾರಿಗೂ ಶಿಕ್ಷೆಯಾಗಿಲ್ಲ. ಸತ್ತ ಮಗುವನ್ನು ವಾದಕ್ಕೆ ಎಳೆದು ತರುವುದನ್ನು ಬಿಡುವುದು ಒಳ್ಳೆಯದು.

“ಫ್ರಾನ್ಸ್ ಪೂರ್ತಿ ನಿಷೇಧಿಸಿದೆ”

ಸುದ್ದಿಯಾದದ್ದು 2013ರ ಸೆಪ್ಟೆಂಬರಿನಲ್ಲಿ ಸೆನೆಟ್ ಒಪ್ಪಿದ, 16ರೊಳಗಿನವರ ಸ್ಪರ್ಧೆಗೆ ತಡೆ ಹಾಕುವ ತಿದ್ದುಪಡಿ. 2014ರ ಆಗಸ್ಟಿನಲ್ಲಿ ಕಾನೂನಾಗಿ ಬಂದಾಗ ನಿಷೇಧ 13ರೊಳಗಿನವರಿಗೆ ಮಾತ್ರ ಉಳಿಯಿತು.

“ನಮ್ಮಲ್ಲಿ ಇದಕ್ಕೆಲ್ಲ ಕಾನೂನೇ ಇಲ್ಲ”

ಇದೆ, ಓದಿದವರು ಕಡಿಮೆ. ಜನ್ಮಾಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಯನ್ನು ಅಮೆರಿಕದ ಗ್ಲಿಟ್ಜ್‌ಗೆ ಸಮ ಎನ್ನುವುದು ಅನ್ಯಾಯ. ಆದರೂ ಕೊಳಲು ಎಸೆದು ಅಳುತ್ತಿರುವ ಮೂರು ವರ್ಷದ ಕೃಷ್ಣನಿಗೆ ಕೆಳಗಿನಿಂದ “ನಗು, ನಗು” ಎಂದು ಗದರುವ ಅಪ್ಪಂದಿರೇನು ಕಡಿಮೆಯಿಲ್ಲ. ಮಾಲ್‌ಗಳ ‘ಕಿಡ್ಸ್ ಫ್ಯಾಷನ್ ಶೋ’ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ, 14 ವರ್ಷದೊಳಗಿನ ಮಕ್ಕಳನ್ನು ವಾಣಿಜ್ಯ ಕಾರ್ಯಕ್ರಮದಲ್ಲಿ ಬಳಸುವವರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ನ್ನು ಅದರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿನ ಮನಸ್ಸಿಗೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಬಾರದು ಎಂದೂ ನಿಯಮದಲ್ಲೇ ಇದೆ.

ಹಾಗಾಗಿ ಇಂಥ ಶೋಗೆ ಮಗುವಿನ ಹೆಸರು ಬರೆಸುವ ಮುನ್ನ ಆಯೋಜಕರ ಬಳಿ ಆ ಅನುಮತಿ ಪತ್ರ ಕೇಳಿ. ತೋರಿಸದಿದ್ದರೆ ಶುಲ್ಕ ಕಟ್ಟಬೇಡಿ.