ಈರಗಾರಪ್ಪನ ಕಲ್ಲು

ಮಾಗಡಿ ಕಡೆಯ ಒಂದು ಸಣ್ಣ ಊರು. ಕೆರೆ ಏರಿಯಿಂದ ಇಳಿದು ರಾಗಿ ಹೊಲದ ಬದುವಿನಲ್ಲಿ ಹತ್ತು ಮಾರು ನಡೆದರೆ ಹುಣಸೆಮರದ ಬುಡದಲ್ಲಿ ಒಂದು ಚಪ್ಪಡಿ ಅರ್ಧ ಹೂತುಕೊಂಡು ನಿಂತಿದೆ. ವರ್ಷಾನುಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿದೆ. ಮೇಲೆ ಒಣಗಿದ ಕಣಗಿಲೆ ಹೂ, ಅರಿಶಿನದ ಗೆರೆ, ಕೆಳಗೆ ಯಾರೋ ಒಡೆದ ಕಾಯಿಯ ಕರಟ. ಅಲ್ಲೇ ಮೇಕೆ ಬಿಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬರನ್ನು “ಇದು ಯಾವ ದೇವ್ರಜ್ಜಿ?” ಎಂದು ಕೇಳಿದೆ.

“ದೇವ್ರಲ್ಲ ಕಣಪ್ಪ, ನಮ್ಮೋನೇ. ಈರಗಾರಪ್ಪ. ದನ ಹೊಡ್ಕೊಂಡೋಗೋಕೆ ಬಂದೋರ ಕುಟ್ಟೆ ಬಡಿದಾಡಿ ಸತ್ತೋದ್ನಂತೆ. ಹೊಸ ರಾಗಿ ಮನೆಗೆ ಬಂದ್ರೆ ಮೊದಲ ಮುದ್ದೆ ಇವನಿಗೇಯ.”

ಯಾವ ಕಾಲದಲ್ಲಿ ಅಂದದ್ದಕ್ಕೆ “ನಮ್ಮತ್ತೆಯೋರ ಕಾಲಕ್ಕೂ ಹಿಂದ್ಲ ಮಾತು” ಎಂದು ಮೇಕೆಯತ್ತ ತಿರುಗಿದರು. ಬಗ್ಗಿ ನೋಡಿದೆ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಎತ್ತಿದ ಒಬ್ಬ, ಅವನ ಬೆನ್ನ ಹಿಂದೆ ಸವೆದು ಸವೆದು ಉಳಿದ ಎರಡು ದನ. ಅಕ್ಷರ ಒಂದೂ ಇಲ್ಲ. ಅಜ್ಜಿಯ ಕಥೆ ತಲೆಮಾರುಗಳಿಂದ ಇಳಿದು ಬಂದದ್ದೋ, ಆ ದನಗಳನ್ನು ನೋಡಿ ನಡುವೆ ಯಾರೋ ಹೆಣೆದದ್ದೋ ನಾನು ಹೇಳಲಾರೆ. ಕಲ್ಲೂ ಕಥೆಯೂ ಒಂದೇ ಮಾತು ಹೇಳುತ್ತಿದ್ದವು, ಅಷ್ಟೆ.

ಪುಸ್ತಕದವರು ಇದನ್ನು ವೀರಗಲ್ಲು ಎನ್ನುತ್ತಾರೆ. ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಗಿರುವ ರಾಮನಗರ ಜಿಲ್ಲೆಯಲ್ಲಿ, ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ, ಸುತ್ತಾಡಿದವರಿಗೆ ಇಂಥ ಕಲ್ಲು ಹೊಸದಲ್ಲ. ಊರಬಾಗಿಲು, ಕೆರೆ ಕೋಡಿ, ಗುಡಿಯ ಹಿತ್ತಲು, ಕೆಲವು ಕಡೆ ಬಟ್ಟೆ ಒಗೆಯುವ ಮೆಟ್ಟಿಲು. ಚನ್ನಪಟ್ಟಣದ ಬೊಂಬೆಗೆ ಹೆಸರು ಬಂತು, ರಾಮನಗರದ ರೇಷ್ಮೆಗೂಡಿಗೆ ಮಾರುಕಟ್ಟೆ ಬಂತು, ರಾಮದೇವರ ಬೆಟ್ಟಕ್ಕೆ ‘ಶೋಲೆ’ ಬಂತು. ಈ ಕಲ್ಲುಗಳಿಗೆ ಮಾತ್ರ ಮನೆಯವರೇ ಗತಿ.

ಹೊಲಗದ್ದೆ ಸುತ್ತಲು ಪುರುಸೊತ್ತಿಲ್ಲದವರು ರಾಮನಗರದ ಪಕ್ಕದ ಜಾನಪದ ಲೋಕಕ್ಕೆ ಹೋಗಬಹುದು. ಐಎಎಸ್ ಅಧಿಕಾರಿಯಾಗಿದ್ದು, ‘ದೊಡ್ಡಮನೆ’ಯಂಥ ಕಾದಂಬರಿ ಬರೆದ ಎಚ್.ಎಲ್. ನಾಗೇಗೌಡರು (1915–2005) 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಈ ಲೋಕವನ್ನು ತೆರೆದರು. ಬಂದವರು ಲೋಕಮಹಲಿನ ಗೊಂಬೆ, ಒನಕೆ, ಮೀನುಬುಟ್ಟಿ ನೋಡಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಲ್ಲಿ ಶಿಲ್ಪಮಾಳ ಎಂಬ ಜಾಗವಿದೆ. ವೀರಗಲ್ಲು, ಮಾಸ್ತಿಕಲ್ಲುಗಳು ಬಯಲಲ್ಲಿ ಸಾಲಾಗಿ ನಿಂತಿವೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಹೋಗುವವರು ಸರ್ವಿಸ್ ರಸ್ತೆಗೆ ಇಳಿಯಬೇಕು. ಇಳಿಯಿರಿ.

ಕಲ್ಲನ್ನು ಓದುವುದು ಕಷ್ಟವಲ್ಲ, ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಿನದು ಕಾಳಗ. ಎಲ್ಲರಿಗಿಂತ ದೊಡ್ಡದಾಗಿ ಕಂಡವನೇ ವೀರ. ಮೈಗೆ ನಾಲ್ಕು ಬಾಣ ನೆಟ್ಟಿದ್ದರೂ ನಿಂತೇ ಇರುತ್ತಾನೆ. ತಲೆಯ ಮೇಲೆ ಕೊಡೆ ಇದ್ದರೆ ನಾಯಕ, ಪಕ್ಕದಲ್ಲಿ ದನವಿದ್ದರೆ ದನಗಳಿಗಾಗಿ ನಡೆದ ಕಾಳಗ, ಅಂದರೆ ತುರುಗೊಳ್, ಎದುರಿಗೆ ಹುಲಿಯೋ ಹಂದಿಯೋ ಇದ್ದರೆ ಬೇಟೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಎರಡೂ ಕಡೆ ಕಂಕುಳಿಗೆ ಕೈಕೊಟ್ಟು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ ಎಂಬ ಲೆಕ್ಕಾಚಾರ. ಮೇಲಿನದು ಕೈಲಾಸ: ಲಿಂಗ, ನಂದಿ, ಪೂಜಾರಿ, ಮಗ್ಗುಲಲ್ಲಿ ಆರಾಮಾಗಿ ಕೂತ ನಮ್ಮ ವೀರ. ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರ, ಅವರಿರುವವರೆಗೂ ಇವನ ಹೆಸರಿರಲಿ ಎಂದು. ಸೂರ್ಯ ಚಂದ್ರರು ಇದ್ದಾರೆ. ಹೆಸರು ಬಹುಪಾಲು ಕಲ್ಲುಗಳಲ್ಲಿ ಮೊದಲಿಂದಲೇ ಇಲ್ಲ.

ಬಳ್ಳಿಗಾವಿಯ ವೀರಗಲ್ಲು ನೋಡಿದ ಕಣ್ಣಿಗೆ ಈ ಕಡೆಯವು ಒರಟಾಗಿ ಕಾಣುತ್ತವೆ. ಅದು ಶಿಲ್ಪಿಯ ತಪ್ಪಲ್ಲ. ಆ ಕಡೆ ಉಗುರಿನಲ್ಲಿ ಗೀರಿದರೂ ಗುರುತು ಬೀಳುವ ಬಳಪದ ಕಲ್ಲು. ಇಲ್ಲಿ ಸುಮಾರು 250 ಕೋಟಿ ವರ್ಷದ ಗಟ್ಟಿ ಗ್ರಾನೈಟು. ಅದಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರೇ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ನೆನಪಿಗೆ ಬಂದದ್ದು. ಈ ಕಲ್ಲಿನಲ್ಲಿ ಮೂಗು, ಹುಬ್ಬು ಬಿಡಿಸುತ್ತ ಕೂತರೆ ಉಳಿ ಮೊಂಡಾಗುತ್ತದೆ. ಹಾಗಾಗಿ ಇಲ್ಲಿಯ ವೀರರಿಗೆ ಮುಖವಿಲ್ಲ, ಕೈಕಾಲಿನ ನಿಲುವಿದೆ. ನನಗಂತೂ ಆ ನಿಲುವೇ ಸಾಕು.

ಇವರು ಸತ್ತದ್ದು ಯಾತಕ್ಕೆ? ದೊಡ್ಡ ದೊಡ್ಡ ಯುದ್ಧಗಳಲ್ಲಿ ಎಂದುಕೊಳ್ಳಬೇಡಿ. ಗಂಗರು, ರಾಷ್ಟ್ರಕೂಟರು, ಚೋಳರು, ಹೊಯ್ಸಳರು ಈ ಸೀಮೆಗಾಗಿ ಹಗ್ಗಜಗ್ಗಾಟ ಆಡಿದ್ದು ನಿಜ. ಚನ್ನಪಟ್ಟಣ, ಕನಕಪುರ ಕಡೆ ತಮಿಳು ಶಾಸನಗಳು ಸಾಲುಸಾಲಾಗಿ ಸಿಗುವುದು ಆ ಚೋಳರ ಕಾಲದ ಉಳಿಕೆ. ಆದರೆ ವೀರಗಲ್ಲುಗಳಲ್ಲಿ ಹೆಚ್ಚಿನವು ಊರ ಮಟ್ಟದ ಸಾವು. ದನ ಬಿಡಿಸಲು ಹೋಗಿ ಸತ್ತರೆ ತುರುಗೊಳ್, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತರೆ ಪೆಣ್ಬುಯ್ಯಲ್, ಊರಿಗೆ ಬೆಂಕಿ ಬಿದ್ದಾಗ ಊರಳಿವು, ಎಲ್ಲೆಯ ಜಗಳದಲ್ಲಿ ಗಡಿಕಾಳಗ. ಸತ್ತವನ ಮನೆಗೆ ಊರೋ ಒಡೆಯನೋ ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳಿದ್ದವು. ಬಾಳ್ಗಳ್ಚು ಎಂದರೆ ಕತ್ತಿ ತೊಳೆಯುವುದು. ರಕ್ತ ಹತ್ತಿದ ಕತ್ತಿಯನ್ನು ತೊಳೆದು ಕೊಟ್ಟ ಮಾನ್ಯ. ಈಗಿನ ಮಾತಿನಲ್ಲಿ ಪರಿಹಾರ ಎನ್ನಬಹುದು, ಆದರೆ ಪರಿಹಾರದ ಚೆಕ್ಕಿಗೆ ಇಂಥ ಹೆಸರು ಯಾರೂ ಇಟ್ಟದ್ದಿಲ್ಲ. ಈ ಕಲ್ಲುಗಳ ಲೋಕವನ್ನು ಕನ್ನಡಿಗರಿಗೆ ಮೊದಲು ಬಿಡಿಸಿ ತೋರಿಸಿದವರಲ್ಲಿ ಎಂ. ಚಿದಾನಂದಮೂರ್ತಿಯವರು ಮುಖ್ಯರು; ಆಮೇಲೆ ಆರ್. ಶೇಷಶಾಸ್ತ್ರಿಗಳು ವೀರಗಲ್ಲುಗಳ ಮೇಲೆಯೇ ಒಂದು ಗ್ರಂಥ ಬರೆದರು.

ಚನ್ನಪಟ್ಟಣ ದಾಟಿದರೆ ಮದ್ದೂರು ತಾಲ್ಲೂಕು. ಅಲ್ಲಿಯ ಆತಕೂರಿನ ಕಲ್ಲಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗದು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ಕೃಷ್ಣನ ಕಡೆಯಿದ್ದ ಗಂಗ ಬೂತುಗ ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರ ಆ ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಒಡೆಯ ಏನು ಬೇಕು ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಅದೂ ಒಟ್ಟಿಗೆ ಸತ್ತವು. ಮಣಲೆರ ಕಾಳಿಗೆ ಕಲ್ಲು ನೆಡಿಸಿದ, ಪೂಜೆಗೆ ಭೂಮಿ ಬಿಟ್ಟ, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದೂ ಬರೆಸಿದ. ಅದೇ ಕಲ್ಲಿನಲ್ಲಿ ತಕ್ಕೋಲದ ಮಹಾಯುದ್ಧವೂ ಇದೆ, ನಾಯಿ ಹಂದಿಯ ಜಗಳವೂ ಇದೆ. ಚೋಳರಾಜನ ಸಾವು ಪೀಠಿಕೆ, ನಾಯಿಯ ಸಾವು ಮುಖ್ಯ ವಿಷಯ! ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಮಾಗಡಿಗೆ ಬರೋಣ. ಕೆಂಪೇಗೌಡರ ಮನೆತನದ ಕಥೆ ಕಾಂಚಿ ಸೀಮೆಯಿಂದ ಶುರುವಾಗುತ್ತದೆ. ಅಲ್ಲಿಯ ಪಾಳೆಗಾರನೊಬ್ಬ ರಣಭೈರೇಗೌಡರ ಮಗಳು ದೊಡ್ಡಮ್ಮನನ್ನು ಬಲವಂತವಾಗಿ ಕೇಳಿದನಂತೆ. ಕುಟುಂಬ ರಾತ್ರೋರಾತ್ರಿ ಬಂಡಿ ಕಟ್ಟಿತು. ಎದುರಿಗೆ ತುಂಬಿ ಹರಿಯುವ ಪಾಲಾರ್, ಹಿಂದೆ ಬೆನ್ನಟ್ಟಿದವರು. ದೊಡ್ಡಮ್ಮ ಗಂಗೆಯನ್ನು ನೆನೆದು ಕಿವಿಯ ಓಲೆ ಬಿಚ್ಚಿ ನೀರಿಗೆ ಹಾಕಿದಳು, ಹೊಳೆ ದಾರಿ ಬಿಟ್ಟಿತು. ಇತಿಹಾಸಕಾರರು ಇದನ್ನು ಐತಿಹ್ಯದ ಖಾತೆಗೆ ಬರೆದುಕೊಳ್ಳುತ್ತಾರೆ, ಸರಿಯೇ. ನನ್ನ ಕುತೂಹಲ ಬೇರೆ: ನದಿ ದಾಟಿದ ಕಥೆಯನ್ನು ಕತ್ತಿ ಹಿಡಿದ ಗಂಡಸರ ಹೆಸರಿನಲ್ಲಿ ಹೇಳದೆ, ಓಲೆ ಬಿಚ್ಚಿದ ಹುಡುಗಿಯ ಹೆಸರಿನಲ್ಲಿ ಹೇಳಿಕೊಂಡು ಬಂದರಲ್ಲ, ಯಾಕೆ?

ಅದೇ ವಂಶದ ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿದರು ಎಂದು ಮಕ್ಕಳಿಗೂ ಗೊತ್ತು. ಅವರು ಸತ್ತದ್ದೆಲ್ಲಿ ಎಂದು ಕೇಳಿದರೆ ಬಹಳ ಕಾಲ ಉತ್ತರವಿರಲಿಲ್ಲ. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಒಂದು ಹಳೆಯ ಗೋಪುರದ ಕಡೆ ಎಲ್ಲರ ಕಣ್ಣು ಹೋಯಿತು. ಕುಣಿಗಲ್ಲಿನ ಗಲಾಟೆ ಬಗೆಹರಿಸಿ ಬರುವಾಗ ಇಲ್ಲಿ ನಡೆದ ಕಲಹದಲ್ಲಿ ಹಿರಿಯ ಕೆಂಪೇಗೌಡರು ಐಕ್ಯರಾದರು ಎಂಬ ಅರ್ಥದ ಬರಹ ಅಲ್ಲಿದೆ. ಅಂದರೆ ನಾಡು ಕಟ್ಟಿದ ಪ್ರಭುವೂ ಕೊನೆಗೆ ಸತ್ತದ್ದು ಈರಗಾರಪ್ಪನ ಹಾಗೆ, ದಾರಿಯ ಒಂದು ಹೊಡೆದಾಟದಲ್ಲಿ. ಊರಿನ ಹೆಸರಿನಲ್ಲೇ ಕೆಂಪ ಇದ್ದಾನೆ. ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಕಲ್ಲೇ ಇಲ್ಲದ ವೀರರೂ ಇದ್ದಾರೆ. ಸಾವನದುರ್ಗ ಹತ್ತಿದವರು ಕರಿಗುಡ್ಡ, ಬಿಳಿಗುಡ್ಡದ ನಡುವಿನ ಕಮರಿಯನ್ನು ನೋಡಿರುತ್ತೀರಿ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಈ ದುರ್ಗವನ್ನು ಮಾಗಡಿಯ ಕೊನೆಯ ಕೆಂಪೇಗೌಡರಿಂದ ಕಿತ್ತುಕೊಂಡ. ಅವರು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಬಂತು. ಕಾಡು ಕಡಿದು, ಫಿರಂಗಿ ಎಳೆದು ತಂದು, ಗೋಡೆ ಒಡೆದು 21ರಂದು ನುಗ್ಗಿದರು. ತಮ್ಮ ಕಡೆ ಒಬ್ಬನೂ ಸಾಯಲಿಲ್ಲ ಎಂದು ಬರೆದುಕೊಂಡರು. ಟಿಪ್ಪುವಿನ ಕಿಲ್ಲೇದಾರ ಸತ್ತ. ಓಡುವಾಗ ಬಂಡೆಯಿಂದ ಜಾರಿ ಬಿದ್ದವರಿಗೆ ಲೆಕ್ಕವಿಲ್ಲ. ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬರೆದ ದುರ್ಗದ ಚಿತ್ರ 1794ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಬಿದ್ದವರು ಹೆಚ್ಚಿನಂಶ ಇದೇ ಸುತ್ತಿನ ಹಳ್ಳಿಗಳ ಮಕ್ಕಳಿರಬೇಕು. ಆ ಹೊತ್ತಿಗೆ ಕಲ್ಲು ನೆಡುವ ಪದ್ಧತಿಯೇ ಸತ್ತಿತ್ತು. ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರನಿಗೆ ಜಾತ್ರೆಯಾಗುತ್ತದೆ, ಬಿದ್ದವರಿಗೆ ಒಂದು ಹಿಡಿ ಎಡೆಯೂ ಇಲ್ಲ.

ಮಾಸ್ತಿಕಲ್ಲಿನ ವಿಷಯ ಚುಟುಕಾಗಿ ಮುಗಿಸುತ್ತೇನೆ, ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲು ನನಗಾಗುವುದಿಲ್ಲ. ಕಂಬದಿಂದ ಚಾಚಿದ ಒಂದು ತೋಳು, ತುಂಬು ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡನ ಜೊತೆ ಬೆಂಕಿಗೆ ಹೋದವಳು. ಊರವರು ಮಾಸ್ತಮ್ಮ ಎಂದು ಬಳೆ ಏರಿಸುತ್ತಾರೆ. ಅವಳನ್ನು ಕೇಳಿದ್ದರೋ ಇಲ್ಲವೋ, ಕಲ್ಲು ಹೇಳುವುದಿಲ್ಲ.

ಈ ಕಲ್ಲುಗಳ ಸುತ್ತ ದಂತಕಥೆಗಳಿಗಂತೂ ಬರವಿಲ್ಲ. ಅಮಾವಾಸ್ಯೆ ರಾತ್ರಿ ಗೊರಸಿನ ಸದ್ದು ಕೇಳುತ್ತದೆ ಎನ್ನುವವರಿದ್ದಾರೆ. ಕಳೆದುಹೋದ ಹಸು ಹರಕೆ ಹೊತ್ತ ಮೂರನೇ ದಿನ ತಾನೇ ಮನೆಗೆ ಬಂತೆನ್ನುವವರಿದ್ದಾರೆ. ಸಾವನದುರ್ಗದ ಸುತ್ತ ಇರುವ ಬೃಹತ್ ಶಿಲಾಯುಗದ ಕಲ್ಗೋರಿಗಳನ್ನು ಪಾಂಡವರ ಮನೆ ಎನ್ನುತ್ತಾರೆ. ಇವುಗಳಿಂದ ಯಾರಿಗೂ ಕೆಡುಕಿಲ್ಲ. ಕೆಡುಕು ಇರುವುದು ಒಂದೇ ಕಥೆಯಲ್ಲಿ, ಕಲ್ಲಿನ ಕೆಳಗೆ ನಿಧಿಯಿದೆ ಎಂಬುದರಲ್ಲಿ. ಅದನ್ನು ನಂಬಿ ರಾತ್ರಿ ಹಾರೆ ಹಿಡಿದು ಬಂದವರು ಕಲ್ಲನ್ನು ಬೀಳಿಸಿ, ಒಡೆದು, ಗುಂಡಿ ತೋಡಿ ಹೋಗುತ್ತಾರೆ. ಕೆಳಗೆ ಸಿಗುವುದು ಮಣ್ಣು.

ಒಡೆಯುವವರ ನಡುವೆ ದಾಖಲಿಸಿದವರೂ ಇದ್ದಾರೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಹೊರತಂದಾಗ ಆಗಿನ ಬೆಂಗಳೂರು ಜಿಲ್ಲೆಯ ಭಾಗವಾಗಿದ್ದ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿಗಳ ಶಾಸನಗಳು ಅಚ್ಚಾದವು. ಕಾನಕಾನಹಳ್ಳಿಯೇ ಈಗಿನ ಕನಕಪುರ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಈಗ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಎರಡೂ ಅಕ್ಷರವಿರುವ ಕಲ್ಲುಗಳ ಲೆಕ್ಕ. ಅಕ್ಷರವಿಲ್ಲದ ಈರಗಾರಪ್ಪ ಯಾವ ಸಂಪುಟದಲ್ಲೂ ಇಲ್ಲ. ಅವನ ಶಾಸನ ಆ ಅಜ್ಜಿಯೇ.

ನಿಮ್ಮ ಹೊಲದಲ್ಲೋ ಹಿತ್ತಲಲ್ಲೋ ಇಂಥ ಕಲ್ಲಿದ್ದರೆ ದಯವಿಟ್ಟು ಜೆಸಿಬಿ ತರಿಸಿ ಪಕ್ಕಕ್ಕೆ ಸರಿಸಬೇಡಿ, ಎನಾಮೆಲ್ ಪೇಂಟ್ ಬಳಿಯಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಫೋಟೊ ತೆಗೆಯಿರಿ, ಕೆತ್ತನೆ ಆಗಲೇ ಚೆನ್ನಾಗಿ ಕಾಣುವುದು. ಮನೆಯ ಹಿರಿಯರನ್ನು ಕೂರಿಸಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳಿ, ನಿಮಗೆ ನಂಬಿಕೆ ಬರದ ಭಾಗವನ್ನೂ ಸೇರಿಸಿ. ಜೊತೆಗೆ ಸರ್ವೆ ನಂಬರು ಬರೆದು ಪುರಾತತ್ತ್ವ ಇಲಾಖೆಗೆ ಒಂದು ಪ್ರತಿ ಕಳುಹಿಸಿ, ಇನ್ನೊಂದನ್ನು ಮನೆಯ ಪಹಣಿ ಕಾಗದಗಳ ಜೊತೆ ಇಟ್ಟುಕೊಳ್ಳಿ.